ಮೇ ತಿಂಗಳಲ್ಲಿ ಜರ್ಮೇನಿಯಂ

ರೊಟ್ಟಿ ಹಂಚಿನಷ್ಟು ದುಂಡಗೆ, ಬೂದಿ ಬಣ್ಣ,
ನಡುವೆ ಕಾಲಲ್ಲಿ ಒತ್ತುವ ಗುಂಡಿ.
ಬಳ್ಳಾರಿಯ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ, ಕ್ರಿಸ್‌ಮಸ್ ರಾತ್ರಿ,
ಲೆಸ್ಲಿ ಮಾಮ ಅದನ್ನು ತುಳಿದಾಗ
ಗಿಟಾರಿನ ಸಾದಾ ಸ್ವರ
ಅಂಗಡಿಯವನು ಪಾಪ್ಲಿನ್ ಹರಿದಂತೆ
ಪರ್ರನೆ ಹರಿಯಿತು.
ನನಗಾಗ ಒಂಬತ್ತು. ಕೈಯಲ್ಲಿ ಕೇಕು.
ತಿನ್ನುವುದು ಮರೆತು ನಿಂತಿದ್ದೆ,
ಇರುವೆ ಹತ್ತಿದ್ದು ಆಮೇಲೆ ಗೊತ್ತಾಯಿತು.

ಅವರು ತೀರಿದ ವರ್ಷವೇ ಮೊಮ್ಮಗ ಮಾರಿದ,
ಮುಂಬಯಿಯವನಿಗೆ, ಒಂದು ಬೈಕಿನ ಬೆಲೆಗೆ.
ಬೈಕು ಈಗಲೂ ಕೌಲ್ ಬಜಾರಿನಲ್ಲಿ ಓಡಾಡುತ್ತದೆ,
ಸೈಲೆನ್ಸರು ಒಡೆದಿದೆ.
ಹಾದಾಗಲೆಲ್ಲ ಕಿವಿ ಕೊಡುತ್ತೇನೆ.
ಇಲ್ಲ, ಅದಲ್ಲ.

ಹಗಲು ವೇಬ್ರಿಜ್ಜಿನಲ್ಲಿ ಅದಿರು ಲಾರಿ ತೂಗುವವನು ನಾನು,
ಮೂಗಿನಲ್ಲಿ ಕೆಂಪು ಧೂಳು, ಶನಿವಾರ ಭಾನುವಾರ ಆರ್ಕೆಸ್ಟ್ರಾ.
ಅಂತೂ ಬದಲಿ ಹುಡುಕಿದೆ.
ಒಂದು ಬಂತು, ಗಿಳಿಹಸಿರು:
ಎರಡು ಸಾವಿರ ಕೊಟ್ಟು ಒಂದು ಡಬ್ಬಿ ಜೇನುನೊಣ.
ಇನ್ನೊಂದರಲ್ಲಿ ಸಿಟ್ಟು ಚೆನ್ನಾಗಿತ್ತು,
ಸಿಟ್ಟಿನ ಹಿಂದೆ ಯಾರೂ ಇರಲಿಲ್ಲ.
ಮೊಬೈಲಿನ ಆ್ಯಪು ಹಾಕಿ ತೋರಣಗಲ್ಲಿನ ಆರತಕ್ಷತೆಯಲ್ಲಿ ನುಡಿಸಿದೆ,
ಏರಿದ ಸ್ವರದ ನಡುವೆ ಅತ್ತೆಯ ಫೋನು.
ಐನೂರು ಜನ ನನ್ನ ರಿಂಗ್‌ಟೋನು ಕೇಳಿದರು.
ಒಮ್ಮೆ ಬ್ಲೇಡು ಹಿಡಿದು
ಹಳೇ ಸ್ಪೀಕರಿನ ಕಾಗದವನ್ನೇ ಸೀಳಿದೆ.
ಒಂದು ರಾತ್ರಿ ಬಂತು, ಹತ್ತಿರ, ತೀರ ಹತ್ತಿರ.
ಬೆಳಿಗ್ಗೆ ಬರೀ ಹರಿದ ಸ್ಪೀಕರು.

ಜಿಲಾನಿ ಸಾಬರ ಅಂಗಡಿ ಬ್ರೂಸ್‌ಪೇಟೆಯಲ್ಲಿ.
ಮೇಲೆ ಜೀನ್ಸ್ ಹೊಲಿಯುವವರು, ಹದಿನೆಂಟು ಮಿಷನ್ನು,
ಕೆಳಗೆ ಇವರೊಬ್ಬರು, ಬೆಸುಗೆ ಕಡ್ಡಿ, ರಾಳದ ಹೊಗೆ.
“ನಿನಗ ಜರ್ಮೇನಿಯಂ ಬೇಕಪ. ಸಿಲಿಕಾನು ಆಗಲ್ಲ.
ಸಿಲಿಕಾನು ಪೊಲೀಸ್ ಇದ್ದಂಗ,
ಬಿಸಿಲಿರಲಿ ಥಂಡಿ ಇರಲಿ ಒಂದೇ ಮಾತು.
ಜರ್ಮೇನಿಯಂ ನಮ್ಮಂಥದು. ಸೆಕೆ ಆದ್ರ ಸೋರತೈತಿ.”
ಪೆಟ್ಟಿಗೆ ತುಂಬ ಸತ್ತ ರೇಡಿಯೊ. ಬಿಚ್ಚಿದೆವು, ಅಳೆದೆವು.
ಇಪ್ಪತ್ತಮೂರು ಕಾಳು,
ಇಪ್ಪತ್ತೆರಡು ಜೊಳ್ಳು.

ಉಳಿದದ್ದು ಶೆಲ್ಫಿನ ಮೇಲಿನದು,
ಚರ್ಮದ ಅಂಗಿ ತೊಟ್ಟ ಪುಟ್ಟ ರೇಡಿಯೊ, ದಾರದಲ್ಲಿ ಚೀಟಿ:
ಸಣ್ಣ ಈರಮ್ಮ, ಸಿರುಗುಪ್ಪ. ರಿಪೇರಿ ಆಗಿದೆ. ಬಾಕಿ ಏಳು ರೂಪಾಯಿ.
“ಯಾವಾಗಿಂದು?”
“ನನ್ನ ದೊಡ್ಡ ಮಗಳು ಹುಟ್ಟಿದ ವರ್ಷದ್ದು.”
ಆ ಮಗಳಿಗೀಗ ಮೊಮ್ಮಗು.
“ಮತ್ತೆ ತಗೀರಿ ಸಾಬ್ರೆ.”
“ಬಂದ್ರ?”
ಏಳು ರೂಪಾಯಿ ನಾನೇ ಕೊಡ್ತೀನಿ ಅಂದೆ.
ನನ್ನನ್ನು ನೋಡಿದರು,
ಕೆಟ್ಟ ಬೆಸುಗೆಯನ್ನು ನೋಡುವ ಹಾಗೆ.

ಕೊನೆಗೆ ಒಂದು ಜರ್ಮೇನಿಯಂ, ಜತೆಗೊಂದು ಸಿಲಿಕಾನು,
ಜಾತಕ ಕೂಡದ ಜೋಡಿ.
ಡಬ್ಬಿ ಮೇಲಿನವರದು, ಜೀನ್ಸಿನ ಗುಂಡಿ ತುಂಬಿ ಬಂದದ್ದು.
ನಲವತ್ತಮೂರು ಡಿಗ್ರಿ. ಕೋಟೆ ಬೆಟ್ಟ ಕಾದು ಕೂತಿದೆ.
ಮಧ್ಯಾಹ್ನ ನುಡಿಸಿದರೆ ಎಮ್ಮೆ ಕೆಮ್ಮಿದ ಹಾಗೆ.
ಒದ್ದೆ ಗೋಣಿತಾಟು ಸುತ್ತಿ ನೀರಿನ ಹರವಿಯ ಪಕ್ಕ ಇಟ್ಟೆವು,
ಜ್ವರ ಬಂದ ಕೂಸನ್ನು ಇಟ್ಟಂತೆ,
ಕಾದೆವು.
ಚಹಾ ಬಂತು. ಮತ್ತೊಮ್ಮೆ ಬಂತು.
ಮೇಲಿನ ಮಿಷನ್ನುಗಳು ಒಂದೊಂದಾಗಿ ನಿಂತವು.
ಹನ್ನೊಂದು ಹೊಡೆದ ಮೇಲೆ
ಚಪ್ಪಲಿ ಬಿಟ್ಟು, ಮೆಲ್ಲಗೆ, ತುಳಿದೆ.

ಲೆಸ್ಲಿ ಮಾಮನ ದನಿಯಲ್ಲ.
ಅದು ಪಾಪ್ಲಿನ್ನು. ಇದು ಡೆನಿಮ್ಮು,
ಹರಿಯುವ ಮೊದಲು ಒಂದಿಷ್ಟು ಎಳೆದಾಡುತ್ತದೆ,
ಹರಿದ ಮೇಲೂ ನೂಲು ಬಿಡುವುದಿಲ್ಲ.
ಇದಲ್ಲ ಸಾಬ್ರೆ, ಅಂದೆ.
ಅವರಿಗೆ ಕೇಳಿಸಲಿಲ್ಲ.
ಶೆಲ್ಫಿನ ಕಡೆ ನೋಡುತ್ತಿದ್ದರು,
ಅಲ್ಲಿ ಸಣ್ಣ ಈರಮ್ಮನ ಚೀಟಿ
ತನ್ನ ದಾರದಲ್ಲಿ ಗಿರ್ರನೆ ಸುತ್ತುತ್ತಿತ್ತು.
“ಇನ್ನೊಂದು ಸಲ ತುಳಿ,” ಅಂದರು.