ದವಡೆಯ ಹೇಳಿಕೆ

ಕೆನ್ನೆಗೆ ಮೂರು ಅಂಟುಬಿಲ್ಲೆ, ಮೂರಕ್ಕೂ ದಾರದಂಥ ತಂತಿ,
ಮೇಜಿನ ಮೇಲೊಂದು ಡಬ್ಬಿ,
ಟಿಫಿನ್ ಕ್ಯಾರಿಯರಿನ ಒಂದು ಬಟ್ಟಲಿನಷ್ಟು.
'ಕರೆಂಟು ಹೊಡೆಯುತ್ತದೇನಮ್ಮಾ?' ಅಂದೆ.
ತನ್ವೀರಾ ನಕ್ಕಳು: 'ಇದು ಕೊಡೋ ಮಿಷನ್ನಲ್ಲ ಮೇಡಂ,
ಕೇಳಿಸ್ಕೊಳ್ಳೋದು. ಅಷ್ಟೇ.'

ಹಾಗಾದರೆ ನನ್ನ ಜಾತಿಯದೇ.
ಹಾಸನದ ಕೋರ್ಟಿನಲ್ಲಿ ಇಪ್ಪತ್ತೇಳು ವರ್ಷ
ನಾನೂ ಕೇಳಿಸಿಕೊಂಡಿದ್ದೇನೆ, ಅಷ್ಟೇ.
ಕೊಡಲಿಯ ಕಾವಿನ ಉದ್ದ, ಬಾವಿಯ ಆಳ,
ಮದುವೆಗೆ ಕೊಟ್ಟ ಬೆಳ್ಳಿ ಚೊಂಬಿನ ತೂಕ,
ಆಲೂಗೆಡ್ಡೆ ಮೂಟೆಗೆ ಬಾರದ ಬಾಕಿ,
ಬಾಯಿ ಬಿಟ್ಟವರದು, ಬಿಡದವರದು,
ಎಲ್ಲ ಈ ಬೆರಳಿನಿಂದ ಕಾಗದಕ್ಕೆ ಇಳಿದುಹೋಗಿವೆ.
ಇಳಿದುಹೋಗಿವೆ ಅಂತಲೇ ತಿಳಿದಿದ್ದೆ.

ತಲೆನೋವು ಕಿವಿಯ ಮುಂದಿನಿಂದ ಹೊರಡುತ್ತಿತ್ತು
ಅರಸೀಕೆರೆ ಪ್ಯಾಸೆಂಜರಿನ ಹಾಗೆ,
ನಿಂತು ನಿಂತು, ಆದರೆ ತಪ್ಪದೆ.
ಕಣ್ಣಿನವರು ಕನ್ನಡಕ ಬದಲಿಸಿದರು.
ಹಲ್ಲಿನವರು ದೀಪ ಹಿಡಿದು
'ರಾತ್ರಿ ಏನು ಅಗಿಯುತ್ತೀರಿ, ಕಲ್ಲೇ?' ಅಂದರು.
ಅತ್ತಿಗೆ ಸಾಸಿವೆ ನಿವಾಳಿಸಿ ಒಲೆಗೆ ಹಾಕಿದರು;
ಚಟಪಟ ಸದ್ದು ಚೆನ್ನಾಗಿತ್ತು.

ಹಲ್ಲು ಕಚ್ಚಿಕೊಂಡು ಸಹಿಸು ಅಂತ
ಅಮ್ಮ ಹೇಳಿದ್ದು ಬರೀ ಮಾತಿಗೆ ಅಂದುಕೊಂಡಿದ್ದೆ.
ಮೈ ಮಾತ್ರ ಅಕ್ಷರಶಃ ಬರೆದುಕೊಂಡಿತ್ತು.

ಡಬ್ಬಿ ಗುಂಯ್ ಅನ್ನುತ್ತದೆ, ಪರದೆಯೊಳಗೆ ಸಿಕ್ಕ ಸೊಳ್ಳೆ.
ತೆರೆಯ ಮೇಲೆ ಹದಿನಾಲ್ಕು.
'ಮೂರಕ್ಕೆ ಇಳೀಬೇಕು. ಸಡಿಲ ಬಿಡಿ.'
ಬಿಟ್ಟೆ. ಹದಿನೆಂಟು.
'ಪ್ರಯತ್ನ ಮಾಡಬೇಡಿ.'
ಪ್ರಯತ್ನ ಮಾಡದಿರಲು ಪ್ರಯತ್ನಿಸಿದೆ. ಇಪ್ಪತ್ತೊಂದು.
ಮೊದಲ ವಾರ ಹೀಗೇ. ಎರಡನೆಯದೂ.
ಬಿ.ಎಂ. ರಸ್ತೆಯ ಲಾರಿಗಳೆಲ್ಲ
ನನ್ನ ಕೆನ್ನೆಯ ಮೇಲೆಯೇ ಗೇರು ಬದಲಿಸಿದಂತೆ.

ಮೂರನೆಯ ವಾರ, ಶನಿವಾರ,
ಕಿಟಕಿಯಾಚೆ ನೋಡುತ್ತಿದ್ದೆ: ಯಾರೋ ಹುಡುಗ
ಸೈಕಲ್ಲಿನ ಚೈನು ಕೂರಿಸಲಾರದೆ ಕೈಯೆಲ್ಲ ಕಪ್ಪು.
ಸದ್ದು ತಾನಾಗಿ ಇಳಿಯುತ್ತಿತ್ತು, ಒಂಬತ್ತು, ಏಳು, ಆರು.
ತನ್ವೀರಾ ಪೆನ್ನು ಹುಡುಕುತ್ತ ತನ್ನಷ್ಟಕ್ಕೆ ಅಂದಳು:
'ಇದನ್ನ ಬರ್ಕೋಬೇಕು.'
ಡಬ್ಬಿ ಚೀರಿತು.

ಇಬ್ಬರೂ ಡಬ್ಬಿಯನ್ನೇ ನೋಡಿದೆವು.
'ಏನಂದೆ ನಾನು?'
'ಇನ್ನೊಮ್ಮೆ ಅನ್ನು. ಸಾಹೇಬರು ಅನ್ನೋ ಹಾಗೆ.'
'ಬರ್ಕೊಳ್ಳಿ.'
ಇಪ್ಪತ್ತಾರು.

ಆ ಒಂದು ಪದಕ್ಕೆ ಸಾಹೇಬರು ಎಷ್ಟು ಮಂದಿ ಬದಲಾದರು!
ಮೂಗಿನಲ್ಲಿ ಅಂದವರು, ಕನ್ನಡಕದ ಮೇಲಿಂದ ಅಂದವರು,
ಅನ್ನದೆ ಬರೀ ಹುಬ್ಬೆತ್ತಿದವರು.
ಒಮ್ಮೆ ದುದ್ದದ ಕಡೆಯ ಒಬ್ಬಾಕೆ, ಪಾಟೀಸವಾಲಿನಲ್ಲಿ,
'ಆ ರಾತ್ರಿ ಯಾಕೆ ಕೂಗಲಿಲ್ಲ?' ಎಂದಾಗ
ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತೇ ಇದ್ದಳು.
'ಸಾಕ್ಷಿ ಉತ್ತರಿಸಲಿಲ್ಲ. ಬರ್ಕೊಳ್ಳಿ.'
ಬರೆದೆ. ಶೀಘ್ರಲಿಪಿಗೆ ಎರಡೇ ಗೀರು.
ಅವಳು ಉತ್ತರಿಸಿದ್ದಳು. ಎದುರಿಗೇ ಕೂತಿದ್ದೆ ನಾನು,
ಅವಳ ಕೆನ್ನೆಯಲ್ಲಿ ಗಂಟೊಂದು ಎದ್ದು ಇಳಿದದ್ದು,
ಮತ್ತೆ ಎದ್ದದ್ದು ಕಂಡಿದ್ದೆ.

'ತುಟಿ ಸೇರಿರಲಿ, ಹಲ್ಲು ಬೇರೆ ಇರಲಿ,
ನಡುವೆ ಒಂದು ಅಕ್ಕಿಕಾಳಿನ ಜಾಗ.'
ಪಾಲಾದ ಅಣ್ಣತಮ್ಮಂದಿರ ಹಾಗೆ, ಒಂದೇ ಹೊಸಿಲು, ಎರಡು ಒಲೆ.
ಇಂಥ ರಾಜಿ ಎಷ್ಟೋ ಟೈಪು ಮಾಡಿದ್ದೇನೆ;
ಬಾಯೊಳಗೆ ಜಾರಿಗೆ ತರುವುದು ಕಷ್ಟ.

ಈಗ ಡಬ್ಬಿ ಇಲ್ಲ, ಅದರ ಕಿವಿ ನನ್ನಲ್ಲಿ ಉಳಿದಿದೆ.
ಹನ್ನೊಂದಕ್ಕೆ ಸಾಹೇಬರು ಗಂಟಲು ಸರಿಮಾಡುತ್ತಾರೆ,
ಪದ ಬರುವ ಮುನ್ನವೇ ಒಳಗೆಲ್ಲೋ ಸೊಳ್ಳೆ.
ಅಕ್ಕಿಕಾಳು, ಅಂದುಕೊಳ್ಳುತ್ತೇನೆ.
ಕೆಲವು ದಿನ ಕಾಳು ನಿಲ್ಲುತ್ತದೆ,
ಕೆಲವು ದಿನ ಹಿಟ್ಟು.

ನಿನ್ನೆ ಕಟಕಟೆಯಲ್ಲಿ ಒಬ್ಬ ಹುಡುಗ
ಹೇಳುತ್ತ ಹೇಳುತ್ತ ಮಾತು ನಿಲ್ಲಿಸಿದ.
ಕಾಯ್ದೆವು. ಫ್ಯಾನು ತಿರುಗಿತು.
ಪೆನ್ಸಿಲನ್ನು ಕಾಗದದಿಂದ ತುಸುವೇ ಎತ್ತಿ ಹಿಡಿದೆ,
ಹಲ್ಲಿನಿಂದ ಹಲ್ಲನ್ನು ಎತ್ತುವ ಹಾಗೆ.