ಎರಡು, ಎರಡು, ಮೂರು

ಬೈತಖೋಲದ ಹಳೇ ಧಕ್ಕೆಯ ಮೆಟ್ಟಿಲುಗಳಿಗೆ
ಒಂದೇ ಎತ್ತರ ಇರಲಿಲ್ಲ.
ಕಟ್ಟಿದವನು ಕುಡಿದಿದ್ದ ಎಂದು ಊರ ಮಾತು.
ಪುರಸು ಮೇಸ್ತ ನಂಬಲಿಲ್ಲ.
ಪೇಟಿಯ ರೀಡುಗಳನ್ನು ಅರದಲ್ಲಿ ಕೆರೆಯುವ ಅದೇ ಕೈ
ಮುಷ್ಟಿ ಕಟ್ಟಿ ಅಳೆಯಿತು, ತಳದಿಂದ:
ಎರಡು, ಎರಡು, ಮೂರು, ಎರಡು, ಮೂರು.
ಮತ್ತೆ
ಎರಡು, ಎರಡು, ಮೂರು, ಎರಡು, ಮೂರು.

"ಕುಡಿದವನ ತಪ್ಪು ಎರಡು ಸಲ ಒಂದೇ ನಮೂನೆ ಬೀಳ್ತದೇನೋ?"

ನನಗಾಗ ಹದಿನಾಲ್ಕು. ತಿದಿ ಒತ್ತುವ ಕೆಲಸ.
ನೀರು ಮುಟ್ಟಿದ ಮೆಟ್ಟಿಲೇ ಸಾ, ಅಂದ. ಅಲ್ಲಿಂದ ಹತ್ತು.
ಅಮಾಸೆಯ ಇಳಿತ, ತಳದ ಕಲ್ಲು ಕಂಡರೆ ಭೂಪ.
ನೀರು ಒಂದನ್ನು ನುಂಗಿದರೆ ಮೇಘ,
ಇನ್ನೊಂದನ್ನು ನುಂಗಿದರೆ ಮೊದಲ ಹೆಜ್ಜೆಯೇ ಮೂರು: ಮಾಲಕಂಸ.
ಆಮೇಲೆ ದುರ್ಗಾ, ಆಮೇಲೆ ಧಾನಿ,
ಐದೂ ಮುಳುಗಿದರೆ ತಿರುಗಿ ಭೂಪ.
ಕಲ್ಲು ಒಂದೂ ಅಲುಗಿಲ್ಲ.
ಎಲ್ಲಿ ನಿಲ್ಲಬೇಕೆಂದು
ಸಮುದ್ರ ಮನಸ್ಸು ಬದಲಿಸಿದೆ, ಅಷ್ಟೆ.

ಪೇಟಿಯದು ಬೇರೆ ಗೋಳು.
ಪಂಚಮದ ಮೇಲೆ ಪಂಚಮ ಶುದ್ಧ ಕೂರಿಸುತ್ತ
ಹನ್ನೆರಡು ಮನೆ ಸುತ್ತಿ ಬಂದರೆ
ಹೊರಟ ಸಾ ಅಲ್ಲಿಲ್ಲ, ಕೂದಲಷ್ಟು ಮೇಲೆ ಹೋಗಿದೆ.
ಭರತಿಯೂ ಹಾಗೇ, ನಿನ್ನೆಯ ಹೊತ್ತಿಗೆ ಇಂದು ಬಾರದು,
ಮುಕ್ಕಾಲು ತಾಸು ತಡ.
ಮೇಸ್ತ ಆ ಕೂದಲನ್ನು ಹನ್ನೆರಡು ಸೀಳು ಮಾಡಿ
ಒಂದೊಂದು ಸ್ವರದ ಅಡಿ ಬಚ್ಚಿಡುತ್ತಿದ್ದ.
ಆಗ ಅವನ ಮುಖ
ಕಳ್ಳತೂಕದ ಅಂಗಡಿಯವನದು.

ಬಂದರು ಇಲಾಖೆ ಹೊಸ ಮೆಟ್ಟಿಲು ಕಟ್ಟಿಸಿತು. ಕಾಂಕ್ರೀಟು.
ಎಲ್ಲವೂ ಎರಡೆರಡು ಮುಷ್ಟಿ.
ಮೇಸ್ತ ಒಮ್ಮೆ ಇಳಿದ, ಹತ್ತಿದ, ಬೀಡಿ ಹಚ್ಚಿದ.
"ಎಲ್ಲಿ ನಿಂತರೂ ಇದೇ. ನೀರಿಗೇ ಇಲ್ಲಿ ಕೆಲಸ ಇಲ್ಲ."
ಬಂಗಡೆಯ ಬುಟ್ಟಿ ಹೊತ್ತ ಮಾಣ್ಕು ತಾಂಡೇಲ
ಅವನನ್ನು ದಾಟುತ್ತ ಅಂದಳು:
"ನಿನ್ನ ರಾಗ ನೀ ಹೊರು ಮೇಸ್ತಾ,
ನನ್ನ ಮೊಣಕಾಲಿಗೆ ಈಗ ಸುಖ ಅದೆ."
ಅವನು ನಕ್ಕ. ಸುಳ್ಳಲ್ಲವಲ್ಲ.

ಅಂಗಡಿ ಈಗ ನನ್ನದು. ಅರವೂ, ಆ ಕಳ್ಳಮುಖವೂ.
ಸಂಜೆ ಬೀಗ ಹಾಕಿ ಧಕ್ಕೆಯಲ್ಲಿ ನಿಲ್ಲುತ್ತೇನೆ.
ನೀರಂಚಿನಿಂದ ಮಾಣ್ಕು ಮೇಲೆ ಬರುತ್ತಾಳೆ,
ತಲೆಯ ಮೇಲೆ ಬುಟ್ಟಿ,
ಒಂದು,
ಎರಡು,
ಮೂರನೆಯದಕ್ಕೆ ಮಾತ್ರ ಅವಳ ಕಾಲು ಇನ್ನೂ
ಒಂದು ಮುಷ್ಟಿ ಹೆಚ್ಚು ಏಳುತ್ತದೆ,
ಇಲ್ಲದ ಕಲ್ಲನ್ನು ತಡಕಿ
ಮೆಲ್ಲಗೆ ಇಳಿಯುತ್ತದೆ.