ನೀಹಾರ

ಬೈತಖೋಲ ಬಂದರಿನ ಐಸ್ ಪ್ಲಾಂಟಿನಲ್ಲಿ ನನಗೆ ಹಗಲು ಪಾಳಿ.
ಅಂಗಿಗೆ ಅಮೋನಿಯಾ ವಾಸನೆ, ಬೆರಳ ತುದಿ ಸದಾ ಬಿಳಿ.
ಅಮಾವಾಸ್ಯೆ ಹತ್ತಿರವಾದರೆ ಮಾತ್ರ
ಆರು ಹೊಡೆಯುತ್ತಲೇ ಕಾಳಿ ಸೇತುವೆ ದಾಟುತ್ತೇನೆ,
ಮಾಜಾಳಿವರೆಗೆ ಬೈಕು, ಆಮೇಲೆ ಗುಡ್ಡ ಹತ್ತಿ ಇಳಿದರೆ
ತಿಳಮಾತಿ: ಎಳ್ಳು ಚೆಲ್ಲಿದ ಹಾಗೆ ಕರಿಮರಳು.

ಯಂತ್ರವೆಂದರೆ ಎರಡು ಹಲಗೆ, ಒಂದು ಬೋಲ್ಟು,
ಒಡೆದ ದೋಣಿಯ ಬಾಗಿಲಿಂದ ಬಿಚ್ಚಿ ತಂದ ಹಿತ್ತಾಳೆ ಕೀಲು.
ನಿಮಿಷಕ್ಕೊಂದು ಸುತ್ತು, ಕೈಯಲ್ಲೇ.
ಭೂಮಿ ಆ ಕಡೆ ಹೊರಳಿದಷ್ಟು ನಾನು ಈ ಕಡೆ.
ಕೀಲಿನ ಮೂಗು ಧ್ರುವನ ಕಡೆಗಿರಬೇಕು;
ನಮ್ಮ ಸೀಮೆಯಲ್ಲಿ ಅವನು ತೀರಾ ಕೆಳಗೆ,
ಚಾಚಿದ ತೋಳಿಗೆ ಒಂದೂವರೆ ಮುಷ್ಟಿ,
ಗೋವೆ ಗುಡ್ಡದ ಮರಗಳ ನೆತ್ತಿಗೆ.
'ಅಷ್ಟು ತಪಸ್ಸು ಮಾಡಿದ ಹುಡುಗನಿಗೆ
ಸಿಕ್ಕಿದ್ದು ಇಷ್ಟೇ ಎತ್ತರವಾ?' ಎನ್ನುತ್ತಾನೆ ಇನಾಸ.
ಅವನು ಗಡಿಯಾರ ರಿಪೇರಿಯವನು. ಸೆಕೆಂಡು ಎಣಿಸುವುದು ಅವನ ಪಾಲು.

ಮೊದಲ ವರ್ಷದ ಬುದ್ಧಿವಂತಿಕೆ ಹೇಳಬಾರದು.
ಕ್ಯಾಮೆರಾ ಕಾದರೆ ಚಿತ್ರದಲ್ಲಿ ಹುರುಕು ಏಳುತ್ತದೆ ಎಂದು
ಪ್ಲಾಂಟಿನ ಐಸು ಚೀಲದಲ್ಲಿ ತಂದು ಸುತ್ತಿದೆ.
ಅದು ಬೆವರಿತು, ಒಮ್ಮೆ ಕಣ್ಣು ಪಿಳುಕಿಸಿತು, ಸತ್ತಿತು.
ಹನ್ನೊಂದು ಸಾವಿರ. ಮನೆಯಲ್ಲಿ ಹೇಳಿದ್ದು ಆರು.

ಚೆಕ್‌ಪೋಸ್ಟಿನವರು ನಡುರಾತ್ರಿ ತಡೆದು
'ಬಾಟಲಿ ಎಷ್ಟಿವೆ?' ಎಂದು ಚೀಲ ಮೂಸಿದ್ದಾರೆ.
ಹಲಗೆ, ಬೋಲ್ಟು, ತನುಜಾಳ ಹೇರ್ ಡ್ರೈಯರು.
ಸಾಕ್ಷಿಗೆ ಚಂದ್ರನ ಫೋಟೊ ತೋರಿಸಿದರೆ
'ಇದು ನಮ್ಮ ಮನೆಯಿಂದಲೂ ಕಾಣ್ತದಲ್ಲ' ಎಂದರು.

ಸಂಜೆ ಮಹಾವ್ಯಾಧ ಪಡುಗಡಲಿಗೆ ಇಳಿಯುವ ಮಾರ್ಚಿನಲ್ಲಿ
ಅವನ ಕತ್ತಿಯ ನಡುವಿನ ಮಬ್ಬು ನನ್ನ ಬೇಟೆ.
ನೀಹಾರಿಕೆ ಎನ್ನುತ್ತಾರೆ ಅದನ್ನು.
ನೀಹಾರವೆಂದರೆ ಮಂಜು, ಇಬ್ಬನಿ:
ಹತ್ತು ಗಂಟೆಗೆ ಲೆನ್ಸಿನ ಮೇಲೆ ಕೂರುವುದೂ ಅದೇ.
ಹೆಸರು ಒಂದೇ. ಒಂದನ್ನು ಹಿಡಿಯಲು ಕೂತಿದ್ದೇನೆ,
ಇನ್ನೊಂದನ್ನು ಒರೆಸುತ್ತ ಕೂತಿದ್ದೇನೆ.
ಸಾವಿರದ ಮುನ್ನೂರು ವರ್ಷ ನಡೆದು ಬಂದ ಬೆಳಕು
ಕೊನೆಯ ಅಂಗುಲದಲ್ಲಿ ಒಂದು ಹನಿಗೆ ಜಾರಿ ಬೀಳುತ್ತದೆ.

ಉಪ್ಪು ಬೋಲ್ಟಿನ ಹಲ್ಲು ತಿನ್ನುತ್ತದೆ.
ದಿಗಂತದಲ್ಲಿ ಉಲ್ಹಾಸ ತಾಂಡೇಲನ ದೋಣಿ
ಕದ್ದು ದೀಪ ಉರಿಸುತ್ತದೆ, ಬೂದುಹಸಿರು,
ಆಕಾಶದ ಬುಡವೆಲ್ಲ ಬೆಳ್ಳಗೆ.
ಬೈಯುವಂತಿಲ್ಲ. ಅಮಾವಾಸ್ಯೆ ಅವನಿಗೂ ಬೇಕು.
ಮೀನು ದೀಪ ನಂಬುವುದು ಚಂದ್ರ ಇಲ್ಲದಾಗಲೇ.

ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು.
ನಾಲ್ಕು ರಾತ್ರಿಗೆ ಇನ್ನೂರ ಹನ್ನೆರಡು ಚಿತ್ರ.
ಗಾಳಿ ಅಲುಗಿಸಿದ್ದು, ನಾಯಿ ಕಾಲು ತಾಗಿಸಿದ್ದು,
ಇನಾಸ ಸೀನಿದ್ದು ಕಳೆದು ಎಂಬತ್ತೊಂದು.
ತನುಜಾ ತನ್ನ ಲ್ಯಾಪ್‌ಟಾಪಿನಲ್ಲಿ ಒಂದರ ಮೇಲೊಂದು ಹೇರಿದಳು.
'ನೋಡಪ್ಪ,' ಅಂದಳು, 'ಕಸ ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ.
ನಿಜವಾಗಿ ಇರುವುದು ಮಾತ್ರ ಅದದೇ ಜಾಗದಲ್ಲಿ.'
ಕಸ ಒಂದನ್ನೊಂದು ಅಳಿಸಿಕೊಳ್ಳುತ್ತ ಹೋಯಿತು.
ಮಧ್ಯದಲ್ಲಿ
ಬಂಗಡೆಯ ಕಿವಿರಿನ ಒಳಗೆಂಪು,
ಅಂಚಿಗೆ ಸ್ವಲ್ಪ ನೀಲಿ, ರೆಕ್ಕೆಯಂಥ ಹೊಗೆ.
ಉಗುರಿನಷ್ಟು.
ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಐಸ್ ತುಂಬಿಸಲು ಬಂದ ಉಲ್ಹಾಸನಿಗೆ ತೋರಿಸಿದೆ.
ಒದ್ದೆ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ.
'ಎಷ್ಟು ದೂರ?' ಹೇಳಿದೆ.
'ಅಷ್ಟಕ್ಕೆ ಡೀಸೆಲ್?' ಎಂದ. ಆಮೇಲೆ ಸುಮ್ಮನಾದ.
ಮುಂದಿನ ಅಮಾವಾಸ್ಯೆ ಹತ್ತೊಂಬತ್ತಕ್ಕೆ.
'ಒಂಬತ್ತೂವರೆವರೆಗೆ ದೀಪ ಹಾಕುವುದಿಲ್ಲ.
ಆಮೇಲೆ ನನ್ನ ಹೊಟ್ಟೆ.
ಐಸಿಗೆ ಹತ್ತು ರೂಪಾಯಿ ಕಡಿಮೆ ಬರಿ.'

ಬರೆದೆ.
ಲೆನ್ಸಿನೊಳಗೆ ಬೂಸ್ಟು ಶುರುವಾಗಿದೆ, ಜೇಡನ ಕಾಲಿನಷ್ಟು;
ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೇನೆ.